ತಂಪಾಗದ ಕಾರು

ಸುರಪುರದ ರಸ್ತೆಯಲ್ಲಿ ಕಾರು ಮೂರನೆಯ ಸಲ ನಿಂತಿತು. ಡ್ರೈವರ್ ಹಣಮಂತ್ರಾಯ ಇಳಿದು ಬಂದು ಹಿಂದಿನ ಬಾಗಿಲು ತೆಗೆದ. ಒಳಗೆ ನಿದ್ದೆಹೋಗಿದ್ದ ಡಾಕ್ಟರರ ಪಕ್ಕದಲ್ಲಿ ನರ್ಸ್ ಬಾಲಮ್ಮ ಸೆರಗು ಸರಿಪಡಿಸಿಕೊಂಡಳು.

"ತಂಪ ಬರಾಕತ್ತದೇನ್ರಿ ಸಿಸ್ಟರ್?"

ಇಲ್ಲವೆಂದು ತಲೆಯಾಡಿಸಿದಳು. ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ!

ಹೈದರಾಬಾದ್ ರಾಜ್ಯ ಒಡೆದು ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಬೇಸಿಗೆ ಅದು. ಹಳ್ಳಿಗಳಿಗೆ ಹೆರಿಗೆಗೆ ಓಡಾಡುವ ಡಾಕ್ಟರ್ ಪಾರ್ವತಿಬಾಯಿ ಜಾಗೀರದಾರರೊಬ್ಬರ ಮನೆಯ ಹೆಂಗಸರಿಗೆಂದಿದ್ದ ಜನಾನಾ ಕಾರನ್ನು ಕೊಂಡಿದ್ದರು. ಹೆಂಗಸರ ಸೀಟಿಗೂ ಡ್ರೈವರನಿಗೂ ನಡುವೆ ಹಲಗೆಯ ಮರೆ. ಎಡಗಿಟಕಿಗೆ ಹಣಮಂತ್ರಾಯ ಲಾವಂಚದ ತಟ್ಟಿ ಕಟ್ಟಿ, ಮೇಲೊಂದು ನೀರಿನ ಡಬ್ಬಿ ಇಟ್ಟಿದ್ದ. ಕಾರು ಓಡಿದರೆ ಒದ್ದೆ ಬೇರಿನ ಮೂಲಕ ತಣ್ಣನೆ ಗಾಳಿ ಬರಬೇಕು. ಬರುತ್ತಿರಲಿಲ್ಲ.

ಅವನು ನೋಡದೆ ಬಿಟ್ಟದ್ದು ಏನೂ ಇರಲಿಲ್ಲ. ಡಬ್ಬಿಯ ತೂತಿಗೆ ಸೂಜಿ ಹಾಕಿದ. ತಟ್ಟಿಯ ಧೂಳು ತೊಳೆದ. ಹಳೆಯ ಬೇರು ಕಿತ್ತು ಹೊಸದು ಹೆಣೆದ. ಪಾಪ, ಕಾರು ನಿಂತಾಗ ಎಲ್ಲವೂ ಸರಿಯಾಗೇ ಕಾಣುತ್ತಿತ್ತು!

ತಂಟೆ ಇದ್ದದ್ದು ಬಾಲಮ್ಮನ ಕೈಯಲ್ಲಿ. ಒಂದು ದಿನ ಧೂಳು ಬಂತೆಂದು ತನ್ನ ಬಲಗಡೆಯ ಗಾಜು ಏರಿಸಿದ್ದಳು. ಒಳಗಿನ ಗಾಳಿಗೆ ಹೊರಹೋಗುವ ದಾರಿ ಇಲ್ಲದೆ ಹೊಸ ಗಾಳಿ ತಟ್ಟಿಯಿಂದ ಬರಲಿಲ್ಲ. ಆಗ ತಂಪು ಯಾಕೆ ಬರುತ್ತಿಲ್ಲವೆಂದು ನೋಡಲು ಇಳಿದು ಬಂದ ಹಣಮಂತ್ರಾಯ ಮೊದಲ ಸಲ ಅವಳೊಡನೆ ಮಾತಾಡಿದ. ಅಂದಿನಿಂದ ಡಾಕ್ಟರರಿಗೆ ನಿದ್ದೆ ಹತ್ತಿದರೆ ಸಾಕು, ಗಾಜು ಏರುತ್ತಿತ್ತು. ಕಾರು ನಿಂತೊಡನೆ ಇಳಿಯುತ್ತಿತ್ತು.

ಅಂದು ಮೂರನೆಯ ಸಲ ಕಾರು ನಿಂತಾಗ ಬೆವರಿ ಎಚ್ಚೆತ್ತ ಡಾಕ್ಟರರ ತಾಳ್ಮೆ ಮುಗಿಯಿತು. ಕೆಲಸ ಬಾರದವನು ಬೇಡ, ನಾಳೆಯಿಂದ ಯಾದಗಿರಿಯ ಬೇರೆ ಡ್ರೈವರ್ ಬರುತ್ತಾನೆ ಎಂದುಬಿಟ್ಟರು. ಹಣಮಂತ್ರಾಯ ತಲೆ ತಗ್ಗಿಸಿದ.

ಬಾಲಮ್ಮ ಯೋಚಿಸಿದಳು. 'ಸುಮ್ಮನಿದ್ದರೆ ಇವನ ಅನ್ನ ಹೋಗುತ್ತದೆ. ಬಾಯಿಬಿಟ್ಟರೆ ನನ್ನ ಮಾನ...'

"ತಪ್ಪು ಅವರದಲ್ರಿ ಡಾಕ್ಟರ್ ಬಾಯಾರ. ಗಾಜ ಏರಸಾಕಿ ನಾನು."

ಯಾಕೆಂದು ಡಾಕ್ಟರ್ ಕೇಳಿದರು. ಅವಳು ಉತ್ತರ ಹೇಳಿದ್ದು ಅವನ ಮುಖ ನೋಡಿ.

"ನೀವು ಇಳದು ಬರ್ತಿದ್ರಿ... ಅದಕ್ಕ."

ಡಾಕ್ಟರ್ ಇಬ್ಬರನ್ನೂ ದಿಟ್ಟಿಸಿದರು. ಯಾದಗಿರಿಯವನು ಬೇಡ, ಇನ್ನು ಮೇಲೆ ಬಲಗಡೆ ತಾನೇ ಕೂರುತ್ತೇನೆ ಎಂದು ಹೇಳಿ, ಕಾಲಾಡಿಸುವ ನೆಪದಲ್ಲಿ ಬೇವಿನ ಮರದತ್ತ ನಡೆದರು.

ಹಣಮಂತ್ರಾಯನಿಗೆ ಸಿಟ್ಟೂ ಬಂತು, ನಗುವೂ ಬಂತು. ಹದಿನೈದು ದಿನ ತನ್ನ ಕೈಕೆಲಸವನ್ನೇ ಅನುಮಾನಿಸಿ ಒದ್ದಾಡಿದ್ದನ್ನು ಹೇಳಿಕೊಂಡ. ಅವಳು ಅಳುತ್ತ ಕ್ಷಮೆ ಕೇಳಿದಳು.

"ತಪ್ಪು ನಂದೂ ಅದರಿ," ಎಂದ ಅವನು ಮೆಲ್ಲಗೆ. "ಸಗರದಾಗಿನ ನಿಮ್ಮ ಮನಿಗಿ ಬಂದು ನಿಮ್ಮ ಅವ್ವಾರ ಕಡೆ ಹೆಣ್ಣು ಕೇಳಬೇಕಂತ ಬಾಳ ದಿನದಿಂದ ಮನಸಿನಾಗ ಇತ್ತು. ಧೈರ್ಯ ಬರಲಿಲ್ಲ."

"ಈಗ ಬಂದದೇನ್ರಿ?"

"ಬಂದದ. ಅವರು ಹೂಂ ಅಂತಾರೇನ್ರಿ?"

ಬಾಲಮ್ಮ ಕಣ್ಣೊರೆಸಿಕೊಂಡಳು.

"ನಾ ಹೂಂ ಅಂದೀನಿ. ಅವ್ವನ್ನ ನೀವು ಒಪ್ಪಸ್ರಿ."