ಠಾಣೆಗೆ ಒಪ್ಪಿಸಿದ ಬಂದೂಕು

೨೦೧೩ರ ಏಪ್ರಿಲ್ ೧೭ರ ಬೆಳಿಗ್ಗೆ ತುಬಚಿಯ ಯಲ್ಲಕ್ಕ ಠಾಣೆಗೆ ಬಂದಳು. ಹಿಂದಿನ ಸಂಜೆ ತಪ್ಪಿಸಿಕೊಂಡ ಕುರಿ ಹುಡುಕಲು ಹೋದ ಗಂಡ ಮಾಳು ಮನೆಗೆ ಮರಳಿರಲಿಲ್ಲ. ಬೆಳಗಾದಾಗ ಲಗಮಪ್ಪನ ಕಬ್ಬಿನ ಹೊಲದಲ್ಲಿ ಅವನ ಹೆಣ ಸಿಕ್ಕಿತ್ತು.

"ಯಾರ ಮ್ಯಾಲರೆ ಸಂಶಯ ಐತೇನವಾ?" ಇನ್ಸ್‌ಪೆಕ್ಟರ್ ಶಿವಯೋಗೆಪ್ಪ ಕೇಳಿದರು.

"ಯಾರ ಗೊಡವಿಗೂ ಹೋದಾವ್ರಲ್ರಿ ನಮ್ಮ ಮನಿಯವ್ರು."

ಕೊಲೆ ಪ್ರಕರಣವೆಂದು ಎಫ್‌ಐಆರ್ ಆಯಿತು. ಕಬ್ಬಿನ ಹೊಲದಲ್ಲಿ ಪಂಚರ ಎದುರು ಪಂಚನಾಮೆ ಬರೆದರು. ಎಡ ಎದೆಯಲ್ಲಿ ಒಂದೇ ಗಾಯ. ಜಮಖಂಡಿಯಲ್ಲಿ ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು ಒಂದು ಗುಂಡು ತೆಗೆದುಕೊಟ್ಟರು.

ಆ ಸುತ್ತಿನಲ್ಲಿ ಬಂದೂಕಿನ ಲೈಸೆನ್ಸ್ ಇದ್ದವನು ಲಗಮಪ್ಪ ಒಬ್ಬನೇ. ಎರಡು ವರ್ಷದ ಹಿಂದೆ ಕಳ್ಳರು ಅವನ ತೋಟದ ಮನೆಗೆ ನುಗ್ಗಿ, ಹೆಂಡತಿ ಮುದಕವ್ವನನ್ನು ಕಂಬಕ್ಕೆ ಕಟ್ಟಿ, ಬೆಂಡೋಲಿಯನ್ನು ಕಿವಿ ಹರಿಯುವಂತೆ ಕಿತ್ತುಕೊಂಡು ಹೋಗಿದ್ದರು. ಆಮೇಲೆ ಅವನು ಎರಡು ನಳಿಗೆಯ ಡಬಲ್ ಬ್ಯಾರಲ್ ಬಂದೂಕು ಕೊಂಡಿದ್ದ. ಆದರೆ ವಿಧಾನಸಭೆ ಚುನಾವಣೆಗಾಗಿ ಠಾಣೆ ವ್ಯಾಪ್ತಿಯ ಎಲ್ಲರ ಬಂದೂಕುಗಳನ್ನೂ ಒಪ್ಪಿಸಿಕೊಂಡಿದ್ದರು. ಅವನದೂ ಠಾಣೆಯ ಕೋಣೆಯಲ್ಲಿ ಬೀಗದೊಳಗೇ ಇತ್ತು. ಮೇಲಾಗಿ ಅದರಿಂದ ಹಾರುವುದು ಸಣ್ಣ ಚರೆಗಳು. ಇದು ಇಡೀ ಗುಂಡು.

ಆದರೂ ಹೊಲ ಅವನದು, ಹೇಳಿಕೆ ಪಡೆಯಲೇಬೇಕಿತ್ತು. ಕಾನ್‌ಸ್ಟೇಬಲ್ ಅಂದಾನೆಪ್ಪನೊಂದಿಗೆ ಶಿವಯೋಗೆಪ್ಪ ತೋಟದ ಮನೆಗೆ ಹೋದರು.

"ಸಂಜಿಮುಂದ ಎಲ್ಲಿದ್ದಿ ಲಗಮಪ್ಪಾ?"

"ಮನ್ಯಾಗರಿ."

"ಏನರೆ ಸಪ್ಪಳ ಕೇಳಿತೇನು?"

"ಕಾಲುವಿ ಕಡೆ ಡೀಸೆಲ್ ಇಂಜಿನ್ ನಡದಿತ್ತರಿ. ಏನೂ ಕೇಳಲಿಲ್ಲ."

ಅಂದಾನೆಪ್ಪ ದನದ ಕೊಟ್ಟಿಗೆಯ ಒಳಗಿನಿಂದ ಕರೆದ. ತಗಡಿನ ಗೋಡೆಯಲ್ಲಿ ಕಿರುಬೆರಳ ತುದಿ ಹೋಗುವಷ್ಟು ದುಂಡನೆಯ ತೂತು. ಅಂಚಿಗೆ ಇನ್ನೂ ತುಕ್ಕು ಹಿಡಿದಿರಲಿಲ್ಲ.

"ಇದೇನು?"

ಹೊಸ್ತಿಲಲ್ಲಿ ಕೂತಿದ್ದ ಮುದಕವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಹೇಳಿಬಿಡ್ರಿ," ಅಂದಳು.

ಲಗಮಪ್ಪ ಮೇವಿನ ಬಣವೆಯಲ್ಲಿ ಕೈಹಾಕಿ, ಅರಿವೆಯಲ್ಲಿ ಸುತ್ತಿದ್ದ ಕಂಟ್ರಿ ಪಿಸ್ತೂಲು ತೆಗೆದುಕೊಟ್ಟ. ಗಡಿಯಾಚೆಯ ಒಬ್ಬನಿಂದ ಕೊಂಡು, ತಗಡಿಗೆ ಒಮ್ಮೆ ಹಾರಿಸಿ ನೋಡಿದ್ದ.

"ಮಾಳೂನ ಮ್ಯಾಲ ಏನ ಸಿಟ್ಟಿತ್ತು?"

"ಸಿಟ್ಟ ಎಲ್ಲೀದ್ರಿ? ಕಬ್ಬಿನ್ಯಾಗ ಯಾರೋ ಬಗ್ಗಿ ಬಗ್ಗಿ ಬರಾಕತ್ತಿದ್ರು. ಯಾರಲೇ ಅಂತ ಮೂರ ಸಲ ಒದರಿದ್ನಿ. ಇಂಜಿನ್ ಸಪ್ಪಳದಾಗ ಅವಗ ಕೇಳಿಸಿಲ್ಲ. ಹಾರಿಸಿದ ಮ್ಯಾಲ ಯಾರೂ ಕಾಣಲಿಲ್ಲ. ಓಡಿಹೋದ್ರು ಅಂತ ಬಾಗಲಾ ಹಾಕ್ಕೊಂಡ್ನಿ."

"ಮುಗಿಲಿಗೆ ಒಂದು ಹಾರಿಸಿ ಹೆದರಿಸಬೇಕಿತ್ತಿಲ್ಲೋ?"

ಲಗಮಪ್ಪ ತಲೆ ಎತ್ತಿದ.

"ಬಂದೂಕಿನ ಅಂಗಡಿಯವ ಅದನ್ನ ಹೇಳಿದ್ದರಿ. ಮನಿ ಕಾಯಾಕ ಡಬಲ್ ಬ್ಯಾರಲ್ ಛಲೋ, ಒಂದ ಮುಗಿಲಿಗೆ ಹಾರಿಸು, ಕಳ್ಳ ಓಡ್ತಾನ, ಓಡಲಿಲ್ಲಂದ್ರ ಎರಡನೇದ ಇರತೈತಿ ಅಂದಿದ್ದ. ಅದಕ್ಕ ಅದನ್ನ ಆರಿಸಿದ್ನಿ. ಈ ಪಿಸ್ತೂಲದಾಗ ಒಂದೇ ಗುಂಡ ಹಿಡಿತೈತಿ ಸಾಹೇಬ್ರ. ಅದನ್ನ ಮುಗಿಲಿಗೆ ಹಾರಿಸಿದ್ರ ಕೈ ಖಾಲಿ."

ಬಂದೂಕು ಒಪ್ಪಿಸುವ ದಿನ ಇದೇ ಲಗಮಪ್ಪ ಠಾಣೆಯ ಕಟ್ಟೆಯ ಮೇಲೆ ಕೈಮುಗಿದು ನಿಂತಿದ್ದ. ಊರಿಂದ ದೂರದ ಮನಿ, ನನಗೊಬ್ಬನಿಗೆ ಬಿಡ್ರಿ ಅಂದಿದ್ದ. ಶಿವಯೋಗೆಪ್ಪ ವಿನಾಯಿತಿಗಾಗಿ ಮೇಲಧಿಕಾರಿಗಳಿಗೆ ಬರೆದೂ ಇದ್ದರು. ಉತ್ತರ ಬಂದಿರಲಿಲ್ಲ.

ಮಧ್ಯಾಹ್ನ ಪಿಸ್ತೂಲು ಜಪ್ತಿಯಾಯಿತು. ಕೊಲೆಯ ಜೊತೆ ಶಸ್ತ್ರಾಸ್ತ್ರ ಕಾಯ್ದೆಯ ಕಲಮೂ ಸೇರಿತು. ಲಗಮಪ್ಪನನ್ನು ಬಂಧಿಸಿ ಜೀಪಿನ ಹಿಂದೆ ಕೂರಿಸಿದರು. ಕಳ್ಳತನದ ಮರುದಿನದಿಂದ ಹೊತ್ತು ಮುಳುಗಿತೆಂದರೆ ಮುದಕವ್ವ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಬಂದೂಕು ಗೋಡೆಗೆ ಬಂದ ಮೇಲಷ್ಟೇ ನಿದ್ದೆ ಮಾಡಿದ್ದಳು. ಅದು ಠಾಣೆಗೆ ಹೋದ ರಾತ್ರಿಯಿಂದ ಮತ್ತೆ ಕೂತೇ ಬೆಳಗು ಮಾಡುತ್ತಿದ್ದಳು. ಅದನ್ನು ನೋಡಲಾರದೆ ಪಿಸ್ತೂಲು ತಂದೆನೆಂದು ಲಗಮಪ್ಪ ಹೇಳಿಕೆಯಲ್ಲಿ ಬರೆಸಿದ.

ಜೀಪು ಹೊರಡುವಾಗ ಮುದಕವ್ವ ಅದರ ಹಿಂಬಾಗಿಲ ಸರಳು ಹಿಡಿದುಕೊಂಡಳು.

"ಸಾಹೇಬ್ರ, ಇವತ್ತ ನನ್ನ ಜೋಡಿ ಯಾರ ಇರ್ತಾರ್ರಿ?"

ಶಿವಯೋಗೆಪ್ಪ ಅಂದಾನೆಪ್ಪನ ಕಡೆ ನೋಡಿದರು. ಅವನಿಗೆ ಸಂಜೆ ಸಾವಳಗಿಯಲ್ಲಿ ಚುನಾವಣಾ ಸಭೆಯ ಬಂದೋಬಸ್ತ್ ಇತ್ತು. ಉಳಿದವರಿಗೂ ಇತ್ತು. ಅಂದಾನೆಪ್ಪ ಅವಳ ಬೆರಳುಗಳನ್ನು ಒಂದೊಂದಾಗಿ ಸರಳಿನಿಂದ ಬಿಡಿಸಿದ.