ಒಂದು ಚಮಚ ಕಾಯಿಹಾಲು

“ಕಪ್ ನೆಟ್ಟಗ ಹಿಡಿಯವ್ವಾ. ಅಳಗಾಡಸಬ್ಯಾಡ,” ಎಂದರು ನೀಲಾಬಾಯಿ.

ಯಕ್ಷಿತಾ ಎರಡೂ ಕೈಯಲ್ಲಿ ಸ್ಟೀಲ್ ಕಪ್ ಹಿಡಿದು ಮಂಚದ ಪಕ್ಕ ನಿಂತಿದ್ದಳು. ಕಪ್ಪಿನಲ್ಲಿ ಸೋಸಿದ ರಾಗಿ ಗಂಜಿ ಇತ್ತು. ನೀಲಾಬಾಯಿ ಅದನ್ನು ಸ್ವಲ್ಪ ಸ್ವಲ್ಪವೇ ದೊಡ್ಡ ಸಿರಿಂಜಿಗೆ ಸುರಿದುಕೊಂಡು, ಸಿರಿಂಜನ್ನು ಅಜ್ಜನ ತಲೆಗಿಂತ ಎತ್ತರಕ್ಕೆ ಹಿಡಿದರು. ಗಂಜಿ ತೆಳ್ಳಗಿನ ನಳಿಗೆಯಲ್ಲಿ ಇಳಿದು, ಅಜ್ಜನ ಮೂಗಿನ ಮೂಲಕ ಸೀದಾ ಹೊಟ್ಟೆಗೆ ಹೋಗುತ್ತಿತ್ತು.

ದಿಂಬುಗಳಿಗೆ ಒರಗಿ ಕುಳಿತಿದ್ದ ಅಜ್ಜ ಗಂಜಿಯ ಕಡೆ ನೋಡಲೇ ಇಲ್ಲ.

ಸದಾನಂದಜ್ಜ ಮುಲುಂಡ್ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಮೂವತ್ತೆಂಟು ವರ್ಷ ದೋಸೆ ಹೊಯ್ದವರು. ಎರಡು ತಿಂಗಳ ಹಿಂದೆ ಅವರಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ನಿಂತುಹೋದವು. ಮಾತೂ ಹೋಯಿತು. ನುಂಗಲೂ ಆಗುತ್ತಿರಲಿಲ್ಲ. ಬಾಯಿಗೆ ಏನು ಹಾಕಿದರೂ ಅದು ಉಸಿರಿನ ದಾರಿಗೆ ಇಳಿದುಬಿಡಬಹುದು, ಒಂದು ಗುಟುಕು ನೀರನ್ನೂ ಕುಡಿಸಬೇಡಿ ಎಂದು ಡಾಕ್ಟರ್ ಹೇಳಿದ್ದರು. ಅಜ್ಜನ ಮಗಳು, ಯಕ್ಷಿತಾಳ ಅಮ್ಮ ವಿನೋದಿನಿ, ಠಾಣೆಯ ಆಫೀಸಿಗೆ ಹೋಗಬೇಕು. ಅಪ್ಪನಿಗೆ ಮಲಾಡಿನ ಹೋಟೆಲಿನಲ್ಲಿ ಡ್ಯೂಟಿ. ಅದಕ್ಕೇ ಅಜ್ಜನನ್ನು ನೋಡಿಕೊಳ್ಳಲು ನೀಲಾಬಾಯಿ ಬರುತ್ತಿದ್ದರು. ಅವರು ಕಲಬುರಗಿ ಕಡೆಯವರು. ಯಕ್ಷಿತಾ ಅವರನ್ನು ಮರಾಠಿಯಲ್ಲಿ ಚಿಕ್ಕಮ್ಮನನ್ನು ಕರೆಯುವಂತೆ ಮಾವ್ಶಿ ಎಂದು ಕರೆಯುತ್ತಿದ್ದಳು.

ಗಂಜಿ ಮುಗಿಯಿತು. ನೀಲಾಬಾಯಿ ನಳಿಗೆಗೆ ಸ್ವಲ್ಪ ನೀರು ಬಿಟ್ಟು ಮುಚ್ಚಳ ಹಾಕಿದರು.

“ಸಿರಿಂಜ್ ಖಾಲಿ ಆಗ್ಯಾವು. ಕೆಳಗ ಮೆಡಿಕಲ್‌ಗೆ ಹೋಗಿ ಬರ್ತೀನಿ, ಹತ್ತ ನಿಮಿಷ. ಅಜ್ಜಾರನ್ನ ನೋಡ್ಕೊ. ಏನೂ ಕೊಡಬ್ಯಾಡ ಮತ್ತ.”

“ಗೊತ್ತಿದೆ ಮಾವ್ಶಿ. ನಾನೇನು ಬೇಬಿನಾ?”

ಅವತ್ತು ಶನಿವಾರ. ಅಮ್ಮ ಬೆಳಿಗ್ಗೆಯೇ ನೀರುದೋಸೆ ಮಾಡಿಟ್ಟು ಹೋಗಿದ್ದರು. ಜೊತೆಗೆ ಬೆಲ್ಲ ಹಾಕಿದ ಕಾಯಿಹಾಲು. ಯಕ್ಷಿತಾ ತಟ್ಟೆ ತಂದು ಅಜ್ಜನ ಮಂಚದ ಎದುರಿಗೇ ಕೂತು ತಿನ್ನತೊಡಗಿದಳು.

“ಆಂ,” ಎಂದರು ಅಜ್ಜ.

ತಲೆ ಎತ್ತಿದರೆ, ಅವರ ಎಡಗೈ ಅವಳ ತಟ್ಟೆಯತ್ತ ಚಾಚಿತ್ತು.

“ಅಜ್ಜಾ, ನಿಮಗೆ ಅಲೋವ್ಡ್ ಇಲ್ಲ.”

“ಆಂ. ಆಂ.”

“ಈಗಷ್ಟೇ ಗಂಜಿ ಆಯ್ತಲ್ಲ? ಹೊಟ್ಟೆ ಫುಲ್ ಆಗಿದೆ.”

ಅಜ್ಜನ ಕಣ್ಣಲ್ಲಿ ನೀರು ತುಂಬಿತು. ಸ್ಟ್ರೋಕ್ ಆದಾಗಲೂ ಅತ್ತವರಲ್ಲ ಅಜ್ಜ. ಯಕ್ಷಿತಾ ತಟ್ಟೆ ಕೆಳಗಿಟ್ಟಳು.

ದೋಸೆ ಆದರೆ ಸಿಕ್ಕಿಕೊಳ್ಳಬಹುದು. ಕಾಯಿಹಾಲು ತೆಳ್ಳಗಿದೆಯಲ್ಲ, ಅದಕ್ಕೇನಾಗುತ್ತದೆ? ಒಂದೇ ಒಂದು ಚಮಚ. ಅವಳು ಎದ್ದು ಚಮಚದ ತುಂಬ ಕಾಯಿಹಾಲು ತೆಗೆದುಕೊಂಡು ಅಜ್ಜನ ತುಟಿಗೆ ಹಿಡಿದಳು.

ಅಜ್ಜ ಕಣ್ಣು ಮುಚ್ಚಿದರು. ಮುಖದ ಗೆರೆಗಳೆಲ್ಲ ಸಡಿಲವಾದವು. ಎಡಗಡೆಯ ತುಟಿ ಸ್ವಲ್ಪ ನಕ್ಕಿತು.

ಆಮೇಲೆ ಕೆಮ್ಮು ಬಂತು. ಒಂದು, ಎರಡು, ನಿಲ್ಲಲೇ ಇಲ್ಲ. ಗಂಟಲಲ್ಲಿ ಗೊರಗೊರ ಸದ್ದು. ತುಟಿಯ ಬಣ್ಣ ನೀಲಿಗೆ ತಿರುಗಿತು.

“ಅಜ್ಜಾ! ಅಜ್ಜಾ!”

ಅಷ್ಟರಲ್ಲಿ ಬಾಗಿಲು ತೆರೆಯಿತು. ನೀಲಾಬಾಯಿ ಚೀಲ ಎಸೆದು ಓಡಿ ಬಂದರು. ಅಜ್ಜನನ್ನು ಮಗ್ಗುಲಿಗೆ ತಿರುಗಿಸಿ, ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಾಯಿ ಒರೆಸಿ, ಬೆನ್ನು ತಟ್ಟಿದರು. ಎಷ್ಟೋ ಹೊತ್ತಿನ ಮೇಲೆ ಅಜ್ಜನ ಉಸಿರು ಸರಿಯಾಯಿತು.

“ಏನರ ಕೊಟ್ಟೇನವ್ವಾ?”

ಯಕ್ಷಿತಾ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಚಮಚ ಇನ್ನೂ ಕೈಯಲ್ಲೇ ಇತ್ತು.

“ಇಲ್ಲ ಮಾವ್ಶಿ.”

ನೀಲಾಬಾಯಿ ಒಂದು ಕ್ಷಣ ಅವಳ ಮುಖ ನೋಡಿದರು. ಬಾಯಿ ಒರೆಸಿದ ಬಟ್ಟೆ ಎತ್ತಿಕೊಂಡು ಬಚ್ಚಲಿಗೆ ಹೋದರು.

ಭಾನುವಾರ ಬೆಳಿಗ್ಗೆ ಅಜ್ಜನ ಮೈ ಕೆಂಡದಂತೆ ಸುಡುತ್ತಿತ್ತು. ಎದೆ ಜೋರಾಗಿ ಏರಿಳಿಯುತ್ತಿತ್ತು. ಅಪ್ಪ ಆ್ಯಂಬುಲೆನ್ಸ್ ಕರೆಸಿದರು. ಆಸ್ಪತ್ರೆಯಲ್ಲಿ ಎಕ್ಸ್-ರೇ ನೋಡಿದ ಡಾಕ್ಟರ್, “ಆಹಾರ ಶ್ವಾಸಕೋಶಕ್ಕೆ ಹೋಗಿರಬೇಕು. ನ್ಯುಮೋನಿಯಾ ಆಗಿದೆ,” ಎಂದರು. ಅಜ್ಜನನ್ನು ಐಸಿಯುಗೆ ಸೇರಿಸಿದರು.

ಸೋಮವಾರ ನೀಲಾಬಾಯಿ ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ನಿಂತುಕೊಂಡರು.

“ಅಪ್ಪನನ್ನು ಮಲಗಿಸಿಯೇ ಫೀಡ್ ಕೊಟ್ಟೆಯಲ್ಲ? ಎಷ್ಟು ಸಲ ಹೇಳಿದ್ದೆ ನಾನು, ತಲೆ ಎತ್ತರಕ್ಕೆ ಇರಬೇಕು ಅಂತ?”

“ಇಲ್ರೀ ಅಕ್ಕಾರ. ಕುಂದರಿಸೇ ಕೊಟ್ಟೀನಿ.”

“ಹಾಗಾದರೆ ಒಳಗೆ ಹೋದದ್ದು ಹೇಗೆ? ತನ್ನಷ್ಟಕ್ಕೆ ಹೋಯ್ತಾ? ಸಾಕು ಮಾರಾಯ್ತಿ, ನಾಳೆಯಿಂದ ಬರುವುದು ಬೇಡ.”

ನೀಲಾಬಾಯಿ ಅಮ್ಮನ ಹೆಗಲಾಚೆ ನಿಂತಿದ್ದ ಯಕ್ಷಿತಾಳನ್ನು ನೋಡಿದರು. ಯಕ್ಷಿತಾ ತನ್ನ ಸ್ಕೂಲ್ ಶೂ ನೋಡಿದಳು. ಲಿಫ್ಟಿನ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

ಐದನೆಯ ದಿನ ಅಜ್ಜನನ್ನು ವಾರ್ಡಿಗೆ ತಂದರು. ಅಂದು ಸಂಜೆ ಅಮ್ಮ ಯಕ್ಷಿತಾಳನ್ನೂ ಕರೆದುಕೊಂಡು ಹೋದರು. ಮಂಚದ ಮೇಲೆ ಮಲಗಿದ್ದವರು ಅಜ್ಜನೋ ಬೇರೆ ಯಾರೋ ಎಂದು ಅವಳಿಗೆ ಒಂದು ಕ್ಷಣ ತಿಳಿಯಲಿಲ್ಲ. ಕೆನ್ನೆ ಒಳಗೆ ಹೋಗಿತ್ತು. ತೋಳಿನ ಚರ್ಮ ಜೋಲುತ್ತಿತ್ತು.

ಆಸ್ಪತ್ರೆಯ ಡಯಟೀಶಿಯನ್ ಬಂದು ಟೇಪ್ ಹಿಡಿದು ಅಜ್ಜನ ತೋಳು ಅಳೆದರು. “ತುಂಬ ಇಳಿದುಬಿಟ್ಟಿದ್ದಾರೆ. ಫೀಡ್ ಜಾಸ್ತಿ ಮಾಡಬೇಕು,” ಎಂದು ಹಿಂದಿಯಲ್ಲಿ ಹೇಳಿದರು.

ಯಕ್ಷಿತಾಳೂ ಹಿಂದಿಯಲ್ಲೇ ಕೇಳಿದಳು: “ಆದರೆ ಅಜ್ಜ ಏನೂ ಮಾಡೋದೇ ಇಲ್ಲವಲ್ಲ ಆಂಟಿ? ಮಲಗೇ ಇರ್ತಾರೆ. ಎನರ್ಜಿ ಎಲ್ಲಿ ಖರ್ಚಾಗುತ್ತೆ?”

“ನೀನು ನಿದ್ದೆ ಮಾಡುವಾಗ ನಿನ್ನ ಹೃದಯ ರಜಾ ಹಾಕುತ್ತಾ?”

ಯಕ್ಷಿತಾ ಇಲ್ಲವೆಂದು ತಲೆಯಾಡಿಸಿದಳು.

“ಉಸಿರಾಡೋಕೆ, ರಕ್ತ ಓಡಿಸೋಕೆ, ಮೈ ಬೆಚ್ಚಗಿಡೋಕೆ, ಎಲ್ಲದಕ್ಕೂ ಊಟದಿಂದಲೇ ಶಕ್ತಿ ಬರಬೇಕು. ಮೆದುಳು ಸುಮ್ಮನೆ ಇದ್ದರೂ ಬೇಕು. ಜ್ವರ ಬಂದರೆ ಇನ್ನೂ ಹೆಚ್ಚು ಬೇಕು. ಬರೋದು ಸಾಲದೇ ಹೋದರೆ ದೇಹ ತನ್ನ ಕೊಬ್ಬನ್ನು ತಾನೇ ಕರಗಿಸಿಕೊಳ್ಳುತ್ತೆ. ನಿನ್ನ ಅಜ್ಜನಂಥ ಕಾಯಿಲೆಯಲ್ಲಿ ಮಾಂಸಖಂಡವನ್ನೂ ಬಿಡೋದಿಲ್ಲ. ಈ ತೋಳು ಸಣ್ಣಗಾಗಿದ್ದು ಹಾಗೇ.”

“ಅದು ವಾಪಸ್ ಯಾವಾಗ ಬರುತ್ತೆ?”

ಅವರು ಟೇಪ್ ಸುತ್ತಿ ಜೇಬಿಗೆ ಹಾಕಿಕೊಂಡರು. “ಈ ವಯಸ್ಸಿನಲ್ಲಿ ಕಷ್ಟ, ಬೇಟಾ.”

ಅಮ್ಮ ಕಾರಿಡಾರಿನ ಸಿಂಕಿನಲ್ಲಿ ಲೋಟ ತೊಳೆಯುತ್ತಿದ್ದರು. ಯಕ್ಷಿತಾ ಹೋಗಿ ಪಕ್ಕದಲ್ಲಿ ನಿಂತಳು.

“ಅಮ್ಮಾ, ಮಾವ್ಶಿ ಅಲ್ಲ. ನಾನು.”

“ಎಂತ ನೀನು?”

“ನಾನು ಕಾಯಿಹಾಲು ಕೊಟ್ಟೆ. ಒಂದೇ ಸ್ಪೂನ್. ಅಜ್ಜ ಕೇಳಿದ್ರು.”

ನಲ್ಲಿಯ ನೀರು ಹರಿಯುತ್ತಲೇ ಇತ್ತು. ಈಗ ಬಯ್ಯುತ್ತಾರೆ, ಹೊಡೆಯುತ್ತಾರೆ ಎಂದು ಯಕ್ಷಿತಾ ಕಾದಳು. ಅಮ್ಮ ಎರಡೂ ಮಾಡಲಿಲ್ಲ. ಲೋಟ ಕೆಳಗಿಟ್ಟು ನಲ್ಲಿ ನಿಲ್ಲಿಸಿದರು.

“ಆಗ ಅಪ್ಪನ ಮುಖ ಹೇಗಿತ್ತು?”

“ಖುಷಿಯಾಗಿತ್ತು. ಸ್ವಲ್ಪ ಹೊತ್ತು.”

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಮೊಬೈಲ್ ತೆಗೆದು, ನೀಲಾಬಾಯಿಯ ನಂಬರ್ ಒತ್ತಿ ಯಕ್ಷಿತಾಳ ಕೈಗೆ ಕೊಟ್ಟರು. “ನೀನೇ ಹೇಳು.”

ಯಕ್ಷಿತಾ ಹೇಳಿದಳು. ಕನ್ನಡ ಸಾಲದೇ ಅರ್ಧ ಹಿಂದಿಯಲ್ಲಿ, ನಡುನಡುವೆ ಬಿಕ್ಕುತ್ತ ಹೇಳಿದಳು.

“ನನಗ ಅವತ್ತೇ ಗೊತ್ತಿತ್ತವ್ವಾ. ಅಜ್ಜಾರ ಬಾಯಿ ಒರಸಿದ ಬಟ್ಟಿ ಬೆಲ್ಲದ ವಾಸನಿ ಹೊಡೀತಿತ್ತು.”

“ಮತ್ತೆ ಅಮ್ಮಂಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರ ನಂಬ್ತಿದ್ರೇನು? ಕೂಸಿನ ಮ್ಯಾಲ ಹಾಕ್ತಾಳ ಅಂತಿದ್ರು.”

ಅಮ್ಮ ಫೋನ್ ಇಸಿದುಕೊಂಡರು. “ನೀಲಾ, ತಪ್ಪಾಯಿತು. ನೀನು ವಾಪಸ್ ಬಾ,” ಎಂದರು. ಸ್ಪೀಕರಿನಲ್ಲಿ ನೀಲಾಬಾಯಿಯ ದನಿ ಕೇಳಿಸಿತು.

“ಇಲ್ರೀ ಅಕ್ಕಾರ. ದಹಿಸರ್‌ನ್ಯಾಗ ಒಂದ ಮುದುಕೀನ ನೋಡ್ಕೊಳ್ಳಾಕ ಹತ್ತೀನಿ. ನಡುವ ಬಿಟ್ಟ ಬಂದ್ರ ಆಕೀಗ ಯಾರು? ಇಡ್ತೀನ್ರಿ, ಆಕೀ ಊಟದ ಟೈಮ್ ಆತು.”

ಮತ್ತೂ ಎರಡು ವಾರದ ಮೇಲೆ ಅಜ್ಜ ಮನೆಗೆ ಬಂದರು. ಜ್ವರ ಬಿಟ್ಟಿತ್ತು, ಆದರೆ ಎಡಗೈಯನ್ನೂ ಎತ್ತಲು ಆಗುತ್ತಿರಲಿಲ್ಲ. ಅಮ್ಮ ಆಫೀಸಿಗೆ ರಜಾ ಹಾಕಿದರು.

ಒಂದು ಸಂಜೆ ಪಕ್ಕದ ಫ್ಲಾಟಿನ ಶ್ರೇಯಾ ಬಾಗಿಲಲ್ಲಿ ಇಣುಕಿದಳು. “ಕೆಳಗೆ ಬಾ ನಾ! ಲಗೋರಿ ಆಡೋಣ.”

“ಅಮ್ಮ ಸ್ನಾನ ಮಾಡ್ತಿದಾರೆ. ಅಜ್ಜನ ಹತ್ರ ನಾನಿರ್ಬೇಕು.”

“ಅರೆ, ಅಜ್ಜ ಸುಮ್ನೆ ಮಲಗಿದಾರೆ. ಫೈವ್ ಮಿನಿಟ್ಸ್, ಯಾರ್!”

ಯಕ್ಷಿತಾ ಅಜ್ಜನ ಕಡೆ ತಿರುಗಿದಳು. ಹೊದಿಕೆಯ ಕೆಳಗೆ ಅವರ ಎದೆ ಏರಿತು, ಇಳಿಯಿತು, ಒಂಚೂರು ನಿಂತು ಮತ್ತೆ ಏರಿತು. ಕುತ್ತಿಗೆಯ ನರ ಟಕಟಕ ಹೊಡೆದುಕೊಳ್ಳುತ್ತಿತ್ತು. ಹಣೆಯ ಮೇಲೆ ಸಣ್ಣಗೆ ಬೆವರು.

“ಸುಮ್ನೆ ಮಲಗಿಲ್ಲ,” ಎಂದಳು ಅವಳು, ಅಜ್ಜನಿಗೆ ಕೇಳಿಸದ ಹಾಗೆ ಮೆಲ್ಲಗೆ.

ಶ್ರೇಯಾ ಮೆಟ್ಟಿಲಿಳಿದು ಹೋದಳು. ಯಕ್ಷಿತಾ ಸ್ಟೂಲ್ ಎಳೆದುಕೊಂಡು ಮಂಚದ ಪಕ್ಕ ಕೂತು, ಅಜ್ಜನ ಹಣೆ ಒರೆಸಿದಳು.