ಎಲ್ಲರ ಪಾಲಿನ ನೀರು

"ಕಾಲು ತೋಯಿಸದ ಈ ಹೊಳಿ ದಾಟಬಾರದ್ರಿ ಬಾಯಾರ. ಮೈಲವ್ವ ಮಾಟಾ ಮಾಡಿಟ್ಟಾಳ."

ಮುದುಕಿ ಗದಿಗೆವ್ವನ ಮಾತಿಗೆ ಜಾಹೀದಾ ಹೊಟ್ಟೆ ಹಿಡಿದು ನಕ್ಕಳು. ಹುಬ್ಬಳ್ಳಿಯಿಂದ ಬಂದ ಇಂಜಿನಿಯರು. ರಾಣೆಬೆನ್ನೂರಿನಾಚೆ ತುಂಗಭದ್ರೆಯ ನಡುಗಡ್ಡೆಗೆ ಉಕ್ಕಿನ ಹಗ್ಗಗಳ ಸೇತುವೆ ಕಟ್ಟುತ್ತಿದ್ದಳು.

"ಹಂಗಾರ ಬೆಳ್ಳಕ್ಕಿಗೋಳು ದಿನಾ ಹೆಂಗ ದಾಟ್ತಾವ ಆಯೀ?"

ಗದಿಗೆವ್ವ ನಗಲಿಲ್ಲ. ಹಿಂದೊಮ್ಮೆ ಊರ ಗೌಡನನ್ನು ಮೈಲವ್ವನ ಗಂಡ ಹೆಗಲ ಮೇಲೆ ಹೊತ್ತು ದಾಟಿಸಿ, ದಡ ಮುಟ್ಟಿಸಿದವನೇ ಸೆಳವಿಗೆ ಸಿಕ್ಕು ಸತ್ತಿದ್ದ. ಗೌಡನ ಕಾಲಿನ ಜೋಡು ಸಹ ತೋಯಲಿಲ್ಲ. ಮೈಲವ್ವ ಗಂಡನ ರುಮಾಲಿಗೆ ಏಳು ಗಂಟು ಹಾಕಿ ಮಡುವಿಗೆ ಬಿಟ್ಟಳು: ಒಣಗಾಲಲ್ಲಿ ದಾಟಿದವರನ್ನು ಹೊಳೆಯೇ ಹುಡುಕಿಕೊಂಡು ಬರಲಿ. ಅಂದಿನಿಂದ ಗಡ್ಡೆಯವರು ಕಾಲು ನೀರಿಗದ್ದಿಯೇ ಹರಿಗೋಲು ಹತ್ತುವುದು.

ತೊಂಬತ್ತೆರಡರ ಶ್ರಾವಣ. ಹೊಳೆ ಕೆಂಪಗೆ ಸೊಕ್ಕಿತ್ತು, ಹರಿಗೋಲು ಇಳಿಸುವಂತಿರಲಿಲ್ಲ. ಗದಿಗೆವ್ವನ ಮೊಮ್ಮಗಳು ನೀಲಗಂಗವ್ವನಿಗೆ ಹೆರಿಗೆ ನೋವು; ಕೂಸು ಅಡ್ಡ ಸಿಕ್ಕಿತ್ತು. ಸೇತುವೆಯ ಎರಡು ತುದಿ ಹಿಂದಿನ ದಿನವಷ್ಟೇ ಕೂಡಿದ್ದವು, ಅಂಚಿನ ಕಟಕಟೆ ಇನ್ನೂ ಇರಲಿಲ್ಲ. ಜಾಹೀದಾ ಬಸುರಿಯನ್ನು ಸಿಮೆಂಟಿನ ತಳ್ಳುಗಾಡಿಯಲ್ಲಿ ಮಲಗಿಸಿದಳು. ಮುದುಕಿ ತಂಬಿಗೆ ನೀರಿನಿಂದ ಮೊಮ್ಮಗಳ ಕಾಲು ತೋಯಿಸಿದಳು.

"ನೀವೂ ಬೂಟು ಕಳೀರಿ ಬಾಯಾರ."

"ಹೊತ್ತಿಲ್ಲ ಆಯೀ, ಬಾಜೂಕ ಸರಿ!"

ಗಾಡಿ ತಳ್ಳುತ್ತ ನಡುಸೇತುವೆಗೆ ಬಂದಳು. ಬೂಟಿನೊಳಗೆ ತಣ್ಣಗಾಯಿತು. ಕೊಳೆತ ಮೀನಿನ ನಾತ. ಹೊಳೆ ನಲವತ್ತು ಅಡಿ ಕೆಳಗೆ, ನೀರು ಬೂಟಿನಲ್ಲಿ! ಏರಿತು. ಮೊಣಕಾಲು. ಎದೆ. ಉಸಿರಿಗೆ ಕೆಸರು. ತಳ್ಳುಗಾಡಿ ಅಂಚಿಗೆ ಹೊರಳಿತು. ನೀಲಗಂಗವ್ವ ಚೀರಿದಳು. ಜಾಹೀದಾಳ ಜೀವ ಬಾಯಿಗೆ ಬಂತು. ಅದಕ್ಕೂ ಮೊದಲು ಸಿಟ್ಟು ಬಂತು.

"ಏ ಮೈಲವ್ವಾ! ಗೌಡನ ಮ್ಯಾಲಿನ ಸಿಟ್ಟು ಬಡವರ ಮ್ಯಾಲ್ಯಾಕ? ದಾಟೋ ಎಲ್ಲಾರ ಪಾಲಿನ ನೀರೂ ನನ್ನ ಕಾಲಿಗೇ ಹಚ್ಚು!"

ನೀರು ಸರ್ರನೆ ಇಳಿಯಿತು. ಸಂಜೆಯೊಳಗೆ ರಾಣೆಬೆನ್ನೂರಿನ ದವಾಖಾನೆಯಲ್ಲಿ ಹೆಣ್ಣುಕೂಸು ಅತ್ತಿತು.

ಮರುದಿನ ಗದಿಗೆವ್ವ ಜಾಹೀದಾಳ ಕಾಲಿಗೆ ಬ್ಯಾಡಗಿ ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಹಿಡಿ ತುಂಬ ಕಾಯಿ ಸುಟ್ಟು ಕರಿಯಾದರೂ ಘಾಟು ಏಳಲಿಲ್ಲ, ಯಾರಿಗೂ ಒಂದು ಕೆಮ್ಮು ಬರಲಿಲ್ಲ. ಮಾಟ ಅಂಟಿತ್ತು. ಮುದುಕಿ ಅತ್ತಳು. ಜಾಹೀದಾ ಕಟಕಟೆಯ ಕೆಲಸಕ್ಕೆ ಹೋದಳು.

ಸೇತುವೆಯನ್ನು ಸಂಚಾರಕ್ಕೆ ಬಿಡುವ ದಿನ ಬ್ಯಾಂಡಿನವರು ಬಂದಿದ್ದರು. ಹಸಿರು ಬಾವುಟ ಹಿಡಿದು ಜಾಹೀದಾ ಸೇತುವೆಯ ಬಾಯಿಗೆ ನಿಂತಳು. ಮೊದಲ ಚಕ್ಕಡಿ ದಾಟಿತು. ಅವಳ ಹಿಮ್ಮಡಿ ತೊಯ್ದಿತು. ಬಸ್ಸು ದಾಟಿತು. ಮೊಣಕಾಲು. ಬೂಟಿನಿಂದ ಕೆಂಪು ನೀರು ಉಕ್ಕಿತು. ಸಂತೆಗೆ ಹೊರಟ ಹೆಂಗಸರು ದಾಟಿದರು. ಎದೆ. ಬ್ಯಾಂಡಿನ ಸದ್ದು ದೂರವಾಯಿತು. ಹಿಂದೆ ಇನ್ನೂ ಅರ್ಧ ಮೈಲಿ ಮಂದಿ.

ಕೂಸನ್ನು ಬಗಲಿಗಿಟ್ಟುಕೊಂಡ ಗದಿಗೆವ್ವ ಓಡಿ ಬಂದಳು. "ನಿಲ್ಲಸ್ರಿ ಬಾಯಾರ! ಕೈ ಮುಗೀತೇನಿ, ನಿಲ್ಲಸ್ರಿ!"

ಜಾಹೀದಾ ಬಾಯಿ ತುಂಬಿದ ಕೆಸರನ್ನು ಥೂ ಎಂದು ಉಗುಳಿದಳು. ಬಾವುಟವನ್ನು ಇನ್ನಷ್ಟು ಮೇಲೆತ್ತಿದಳು.

"ಬಿಡ್ರಿ! ಒಬ್ಬರನ್ನೂ ನಿಲ್ಲಸಬ್ಯಾಡ್ರಿ!"